ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಲು ಎರಡು ಬ್ಯಾಟರಿ: ಸರಣಿ ಜೋಡಣೆಯೋ, ಸಮಾಂತರ ಜೋಡಣೆಯೋ?

ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ಸಿಲಿಂಡರಿನ, 45 ಅಶ್ವಶಕ್ತಿಯ ಡೀಸೆಲ್ ಟ್ರ್ಯಾಕ್ಟರ್ ಒಂದಿದ್ದು, ಹನ್ನೊಂದು ವರ್ಷಗಳಿಂದ ದುಡಿಯುತ್ತಿದೆ. ಕಳೆದ ಎರಡು ತಿಂಗಳಿಂದ, ಮುಖ್ಯವಾಗಿ ಬೆಳಗಿನ ಚಳಿಯಲ್ಲಿ, ಸೆಲ್ಫ್ (ಸ್ಟಾರ್ಟರ್ ಮೋಟರ್) ತುಂಬ ನಿಧಾನವಾಗಿ ತಿರುಗುತ್ತದೆ. ನಾಲ್ಕೈದು ಸಲ ಪ್ರಯತ್ನಿಸಿದ ಮೇಲೆ ಎಂಜಿನ್ ಹಿಡಿದುಕೊಳ್ಳುತ್ತದೆ, ಕೆಲವು ದಿನ ಅದೂ ಇಲ್ಲದೆ ಇಳಿಜಾರಿನಲ್ಲಿ ತಳ್ಳಿಯೇ ಸ್ಟಾರ್ಟ್ ಮಾಡಬೇಕಾಗುತ್ತದೆ. ಬ್ಯಾಟರಿ 12 ವೋಲ್ಟಿನ 88 ಆಂಪಿಯರ್-ಅವರ್‌ನದು, ಕೊಂಡು ಹದಿನಾಲ್ಕು ತಿಂಗಳಾಗಿದೆ, ಡಿಸ್ಟಿಲ್ಡ್ ವಾಟರ್ ತಪ್ಪದೆ ನೋಡಿಕೊಳ್ಳುತ್ತಿದ್ದೇನೆ.

ಪೇಟೆಯ ಗ್ಯಾರೇಜಿನವರು, ಇನ್ನೊಂದು 12 ವೋಲ್ಟ್ ಬ್ಯಾಟರಿಯನ್ನು ಸರಣಿಯಲ್ಲಿ, ಅಂದರೆ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಬರುವಂತೆ, ಸೇರಿಸಿ ಸ್ಟಾರ್ಟ್ ಮಾಡುವಾಗ ಮಾತ್ರ 24 ವೋಲ್ಟ್ ಕೊಡುವಂತೆ ಸ್ವಿಚ್ ಹಾಕಿಕೊಡುತ್ತೇವೆ, ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ ಎಂದಿದ್ದಾರೆ. ನಮ್ಮ ಭಾವನವರು ಅದು ಬೇಡ, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ ಸಮಾಂತರದಲ್ಲಿ ಜೋಡಿಸಿದರೆ ಕರೆಂಟ್ ಎರಡರಷ್ಟಾಗುತ್ತದೆ ಎನ್ನುತ್ತಾರೆ. ಮನೆಯ ಇನ್ವರ್ಟರಿಗೆ ಹಾಕಿರುವ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಯೂ ಇದೆ. ಯಾವುದನ್ನು ಮಾಡಿದರೆ ಎಂಜಿನ್ನಿಗೆ ನಿಜವಾಗಿ ಬಲ ಹೆಚ್ಚುತ್ತದೆ, ಯಾವುದರಿಂದ ಹಾನಿಯಾಗುತ್ತದೆ ಎಂಬುದನ್ನು ಕಾರಣ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಡಿಪೋ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ

ಯಜಮಾನರೇ, ಗ್ಯಾರೇಜಿನವರು ಹೇಳಿದ ಕೆಲಸವನ್ನು ದಯವಿಟ್ಟು ಮಾಡಿಸಬೇಡಿ. 12 ವೋಲ್ಟಿಗೆಂದು ಸುತ್ತಿದ ಸೆಲ್ಫ್ ಮೋಟರಿಗೆ 24 ವೋಲ್ಟ್ ಕೊಟ್ಟರೆ ಎಂಜಿನ್ ಸ್ಟಾರ್ಟ್ ಆಗುವುದು ನಿಜ, ಆದರೆ ಎಷ್ಟು ದಿನ ಎಂಬುದೇ ಪ್ರಶ್ನೆ. ಬಹಳ ವರ್ಷಗಳ ಹಿಂದೆ ಹೀಗೆಯೇ ಸುಗ್ಗಿಯ ಕಾಲದಲ್ಲಿ 24 ವೋಲ್ಟ್ ಕೊಟ್ಟು ನಡೆಸುತ್ತಿದ್ದ ಟ್ರ್ಯಾಕ್ಟರೊಂದರ ಮೋಟರನ್ನು ನನ್ನ ಕೈಯಾರೆ ಬಿಚ್ಚಿದ್ದೇನೆ. ಕಮ್ಯುಟೇಟರಿನ ಬೆಸುಗೆ ಕರಗಿ ಚಿಮ್ಮಿತ್ತು, ತಿರುಗುವ ಭಾಗವಾದ ಆರ್ಮೇಚರಿನ ತಂತಿಗಳು ತಮ್ಮ ಸ್ಲಾಟುಗಳಿಂದ ಎದ್ದು ಸುತ್ತಲಿನ ಫೀಲ್ಡ್ ಕಾಯಿಲಿಗೆ ಉಜ್ಜಿದ್ದವು, ಸೆಲ್ಫಿನ ಹಲ್ಲುಗಾಲಿಯಾದ ಪಿನಿಯನ್ ಬಡಿದ ರಭಸಕ್ಕೆ ಫ್ಲೈವೀಲ್ ರಿಂಗಿನ ಹಲ್ಲುಗಳು ಮುರಿದಿದ್ದವು. ಆ ರಿಂಗ್ ಬದಲಿಸಬೇಕಾದರೆ ಟ್ರ್ಯಾಕ್ಟರನ್ನು ನಡುವಿನಲ್ಲಿ ಎರಡು ಹೋಳು ಮಾಡಿ ಬಿಚ್ಚಬೇಕು. ಆ ಖರ್ಚಿನ ಮುಂದೆ ಬ್ಯಾಟರಿಯ ಬೆಲೆ ಏನೂ ಅಲ್ಲ.

ಸಮಾಂತರ ಜೋಡಣೆಯಿಂದ ಮೋಟರಿಗೆ ಅಪಾಯವಿಲ್ಲ. ಆದರೆ ನಿಮ್ಮ ಬ್ಯಾಟರಿ ಇನ್ನೂ ಹದಿನಾಲ್ಕು ತಿಂಗಳಿನದು ಎಂದರೆ, ತೊಂದರೆ ಬ್ಯಾಟರಿಯಲ್ಲಿಯೇ ಇದೆಯೆಂದು ಯಾರು ನೋಡಿ ಹೇಳಿದರು? ಅದನ್ನು ಮೊದಲು ತಿಳಿಸಿ.

ಲಾರಿ ಮಾಲೀಕ, ಚಳ್ಳಕೆರೆ

ನನಗೂ ಇದೇ ವಿಷಯದಲ್ಲಿ ಒಂದು ಸಂದೇಹವಿದೆ. ನಮ್ಮ ಲಾರಿಯಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳು ಸರಣಿಯಲ್ಲಿಯೇ ಇವೆ, 24 ವೋಲ್ಟ್ ಬರುತ್ತದೆ, ಅಷ್ಟು ದೊಡ್ಡ ಆರು ಸಿಲಿಂಡರಿನ ಎಂಜಿನ್ ಕ್ಷಣದಲ್ಲಿ ಸ್ಟಾರ್ಟ್ ಆಗುತ್ತದೆ. ಹಾಗಾದರೆ ಸರಣಿ ಜೋಡಣೆಗೆ ಹೆಚ್ಚು ಬಲವಿದೆ ಎಂದೇ ಅರ್ಥವಲ್ಲವೇ? ಸಮಾಂತರದಲ್ಲಿ ಬಲ ಕಡಿಮೆ ಎಂದಲ್ಲವೇ?

ಪಾಲಿಟೆಕ್ನಿಕ್ ಬೋಧಕಿ, ದಾವಣಗೆರೆ

ಚಳ್ಳಕೆರೆಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನ್ನ ತರಗತಿಯಲ್ಲಿಯೂ ಪ್ರತಿ ವರ್ಷ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ.

ಎರಡು ಬ್ಯಾಟರಿಗಳನ್ನು ಹೇಗೆ ಜೋಡಿಸಿದರೂ ಅವು ಕೊಡಬಲ್ಲ ಗರಿಷ್ಠ ಶಕ್ತಿ ಒಂದೇ. ಪ್ರತಿಯೊಂದು ಬ್ಯಾಟರಿಗೂ ತನ್ನದೇ ಆದ ಒಳರೋಧವಿದೆ, ಅಂದರೆ ಕರೆಂಟಿನ ಹರಿವಿಗೆ ಅದರೊಳಗೇ ಇರುವ ತಡೆ. ಒಳ್ಳೆಯ ಸ್ಥಿತಿಯಲ್ಲಿರುವ ಈ ಗಾತ್ರದ ಬ್ಯಾಟರಿಗೆ ಅದು ಸುಮಾರು 7 ಮಿಲಿಓಮ್, ಅಂದರೆ ಒಂದು ಓಮ್ ಅನ್ನು ಸಾವಿರ ಪಾಲು ಮಾಡಿದರೆ ಏಳು ಪಾಲು, ಎಂದು ಇಟ್ಟುಕೊಳ್ಳೋಣ. 12.5 ವೋಲ್ಟಿನ ಅಂಥ ಒಂದು ಬ್ಯಾಟರಿಯಿಂದ ಹೊರತೆಗೆಯಬಹುದಾದ ಗರಿಷ್ಠ ಶಕ್ತಿ ಸುಮಾರು 5.6 ಕಿಲೋವ್ಯಾಟ್. ಎರಡನ್ನು ಸರಣಿಯಲ್ಲಿಟ್ಟರೆ ವೋಲ್ಟೇಜ್ ಇಮ್ಮಡಿಯಾಗುತ್ತದೆ, ಒಳರೋಧವೂ ಇಮ್ಮಡಿಯಾಗಿ 14 ಆಗುತ್ತದೆ. ಸಮಾಂತರದಲ್ಲಿಟ್ಟರೆ ವೋಲ್ಟೇಜ್ ಅಷ್ಟೇ ಉಳಿದು ಒಳರೋಧ ಅರ್ಧಕ್ಕಿಳಿದು 3.5 ಆಗುತ್ತದೆ. ಎರಡು ಲೆಕ್ಕದಲ್ಲಿಯೂ ಗರಿಷ್ಠ ಶಕ್ತಿ ಸುಮಾರು 11.2 ಕಿಲೋವ್ಯಾಟ್ ಎಂದೇ ಬರುತ್ತದೆ. ಆದುದರಿಂದ ಬಲ ಯಾವುದಕ್ಕೆ ಹೆಚ್ಚು ಎಂದು ಬ್ಯಾಟರಿಗಳನ್ನಷ್ಟೇ ನೋಡಿ ಹೇಳಲು ಬರುವುದಿಲ್ಲ. ಎದುರಿಗಿರುವ ಮೋಟರ್ ಯಾವ ವೋಲ್ಟಿಗೆ ಸುತ್ತಿದ್ದು, ನಡುವಿನ ಕೇಬಲ್ ಎಷ್ಟು ತಿನ್ನುತ್ತದೆ ಎಂಬುದನ್ನೂ ನೋಡಬೇಕು.

ಈಗ ತೀರ್ಥಹಳ್ಳಿಯವರ ಟ್ರ್ಯಾಕ್ಟರಿಗೆ ಬರೋಣ. ಮೋಟರಿನ ರೋಧ 8 ಮಿಲಿಓಮ್, ಕೇಬಲ್ ಮತ್ತು ಜೋಡಣೆಗಳದು 2 ಮಿಲಿಓಮ್ ಎಂದುಕೊಳ್ಳಿ. ಕೀ ತಿರುಗಿಸಿದ ಮೊದಲ ಕ್ಷಣದಲ್ಲಿ ಮೋಟರ್ ಇನ್ನೂ ನಿಂತೇ ಇರುತ್ತದೆ, ಆಗ ಕರೆಂಟನ್ನು ತಡೆಯುವುದು ಈ ರೋಧಗಳ ಮೊತ್ತ ಮಾತ್ರ. ಒಂದೇ ಬ್ಯಾಟರಿ ಇದ್ದಾಗ ಒಟ್ಟು 17 ಮಿಲಿಓಮ್, ಹರಿಯುವ ಕರೆಂಟ್ ಸುಮಾರು 735 ಆಂಪಿಯರ್. ಸಮಾಂತರದಲ್ಲಿ ಎರಡು ಇದ್ದರೆ ಒಟ್ಟು 13.5, ಕರೆಂಟ್ 926 ಆಂಪಿಯರ್. ಗಮನಿಸಿ, ಹೆಚ್ಚಳ ಶೇಕಡ 26 ಮಾತ್ರ, ಎರಡರಷ್ಟಲ್ಲ. ಎರಡನೆಯ ಬ್ಯಾಟರಿ ಕಡಿಮೆ ಮಾಡಿದ್ದು ಬ್ಯಾಟರಿಯ ಪಾಲಿನ ರೋಧವನ್ನಷ್ಟೇ. ಮೋಟರಿನ 8, ಕೇಬಲಿನ 2 ಇದ್ದ ಹಾಗೆಯೇ ಇವೆ. ತಮ್ಮ ಭಾವನವರ ದಾರಿ ಸರಿಯಾದದ್ದೇ, ಆದರೆ ಕರೆಂಟ್ ಇಮ್ಮಡಿಯಾಗುತ್ತದೆ ಎಂಬ ನಿರೀಕ್ಷೆ ಸರಿಯಲ್ಲ. ಪೂರ್ತಿ ಹಾದಿಯ ರೋಧದಲ್ಲಿ ಬ್ಯಾಟರಿಯ ಪಾಲು ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಎರಡನೆಯ ಬ್ಯಾಟರಿಯಿಂದ ಲಾಭ.

ಲಾರಿಯ ಮೋಟರನ್ನು 24 ವೋಲ್ಟಿಗೆಂದೇ ಸುತ್ತಿರುತ್ತಾರೆ. ಸುತ್ತುಗಳು ಇಮ್ಮಡಿ, ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಅರ್ಧ, ಹೀಗಾಗಿ ಅದೇ ಶಕ್ತಿಯ ಮೋಟರಿನ ರೋಧ ನಾಲ್ಕು ಪಟ್ಟು, ನಮ್ಮ ಉದಾಹರಣೆಯಲ್ಲಿ 32 ಮಿಲಿಓಮ್. ಸರಣಿಯ ಎರಡು ಬ್ಯಾಟರಿ, ಅದೇ ಕೇಬಲ್, ಈ ಮೋಟರ್ ಸೇರಿ 48 ಮಿಲಿಓಮ್. ಕರೆಂಟ್ 521 ಆಂಪಿಯರ್. ಸುತ್ತುಗಳು ಎರಡರಷ್ಟಿರುವುದರಿಂದ ಈ 521 ಆಂಪಿಯರ್, 12 ವೋಲ್ಟಿನ ಮೋಟರಿನಲ್ಲಿ 1042 ಆಂಪಿಯರ್ ಮಾಡುವಷ್ಟೇ ಕಾಂತಬಲವನ್ನು ಹುಟ್ಟಿಸುತ್ತದೆ. ಸಮಾಂತರದ 926ಕ್ಕಿಂತ ಇದು ಶೇಕಡ 12ರಷ್ಟು ಹೆಚ್ಚು. ಈ ಲಾಭ ಬಂದದ್ದು ಬ್ಯಾಟರಿಯಿಂದಲ್ಲ, ಕೇಬಲಿನಿಂದ: ಸಮಾಂತರದಲ್ಲಿ ಕೇಬಲ್ ಸುಮಾರು 1700 ವ್ಯಾಟನ್ನು ಶಾಖವಾಗಿ ಕಳೆದರೆ, ಸರಣಿಯಲ್ಲಿ ಕಳೆಯುವುದು 540 ವ್ಯಾಟ್ ಮಾತ್ರ. ದೊಡ್ಡ ಎಂಜಿನ್, ಉದ್ದ ಕೇಬಲ್ ಇರುವ ಕಡೆ 24 ವೋಲ್ಟನ್ನು ಆರಿಸಿಕೊಳ್ಳುವುದು ಈ ಕಾರಣಕ್ಕೆ.

ಗ್ಯಾರೇಜಿನವರ ಸ್ವಿಚ್ ವಿಚಾರ ಹೊಸದೇನೂ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂದಾಗ, ಸ್ಟಾರ್ಟ್ ಮಾಡಲು 24 ವೋಲ್ಟ್, ದೀಪಗಳಿಗೆ 6 ವೋಲ್ಟ್ ಎಂಬ ವ್ಯವಸ್ಥೆಯೇ ಇತ್ತು. ಮುಂದೆ ಅನೇಕ ಭಾರೀ ಡೀಸೆಲ್ ವಾಹನಗಳಲ್ಲಿ 12 ವೋಲ್ಟಿನಲ್ಲಿ ಚಾರ್ಜ್ ಮಾಡಿ 24 ವೋಲ್ಟಿನಲ್ಲಿ ಸ್ಟಾರ್ಟ್ ಮಾಡುವ ಸರಣಿ-ಸಮಾಂತರ ಸ್ವಿಚ್‌ಗಳು ಬಳಕೆಯಲ್ಲಿದ್ದವು. ಆದರೆ ಅಲ್ಲೆಲ್ಲ ಮೋಟರನ್ನು ಮೊದಲೇ ಹೆಚ್ಚಿನ ವೋಲ್ಟಿಗೆ ಸುತ್ತಿರುತ್ತಿದ್ದರು. 12 ವೋಲ್ಟಿನ ಮೋಟರನ್ನು ಹಾಗೆಯೇ ಇಟ್ಟುಕೊಂಡು 24 ಕೊಡುವುದು ಬೇರೆಯೇ ಮಾತು.

ಎಡ್ಮಂಟನ್ ಕನ್ನಡಿಗ

ಬೋಧಕಿಯವರ ವಿವರಣೆಗೆ ಇಲ್ಲಿನ, ಅಂದರೆ ಕೆನಡಾದ ಕಡೆಯ, ಒಂದು ಉದಾಹರಣೆಯನ್ನು ಸೇರಿಸಬಯಸುತ್ತೇನೆ. ಉತ್ತರ ಅಮೆರಿಕದ ದೊಡ್ಡ ಡೀಸೆಲ್ ಪಿಕಪ್‌ಗಳಲ್ಲಿ, ಉದಾಹರಣೆಗೆ ಕಮಿನ್ಸ್ ಎಂಜಿನ್ನಿನ ರ‍್ಯಾಮ್ ಗಾಡಿಗಳಲ್ಲಿ, ಎರಡು 12 ವೋಲ್ಟ್ ಬ್ಯಾಟರಿಗಳನ್ನು ಕಾರ್ಖಾನೆಯಲ್ಲಿಯೇ ಸಮಾಂತರದಲ್ಲಿ ಜೋಡಿಸಿ ಕೊಡುತ್ತಾರೆ. ಇಲ್ಲಿನ ಹದಿನೆಂಟು ಚಕ್ರದ ಟ್ರಕ್ಕುಗಳೂ ಸಾಮಾನ್ಯವಾಗಿ 12 ವೋಲ್ಟಿನವೇ. ಮೂರು ಅಥವಾ ನಾಲ್ಕು ಬ್ಯಾಟರಿಗಳನ್ನು ಸಮಾಂತರದಲ್ಲಿಟ್ಟು, ಹೆಬ್ಬೆರಳಿನ ಗಾತ್ರದ ಕೇಬಲ್ ಎಳೆದಿರುತ್ತಾರೆ. ಯುರೋಪಿನ ಮತ್ತು ನಮ್ಮ ದೇಶದ ಭಾರೀ ಲಾರಿಗಳು 24 ವೋಲ್ಟಿನವು. ಒಂದೇ ಸಮಸ್ಯೆಗೆ ಎರಡು ಕಡೆಯವರು ಎರಡು ಉತ್ತರ ಕಂಡುಕೊಂಡಿದ್ದಾರೆ, ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತವೆ.

ಇಲ್ಲಿ ಬ್ಯಾಟರಿಯ ಮೇಲೆ ಸಿಸಿಎ, ಅಂದರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್ ಎಂಬ ಅಂಕಿ ಮುದ್ರಿಸಿರುತ್ತಾರೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ, 30 ಸೆಕೆಂಡುಗಳ ಕಾಲ, 12 ವೋಲ್ಟಿನ ಬ್ಯಾಟರಿಯ ವೋಲ್ಟೇಜ್ 7.2ಕ್ಕಿಂತ ಕೆಳಗಿಳಿಯದಂತೆ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದೇ ಈ ಅಂಕಿ. ಸಮಾಂತರದಲ್ಲಿ ಎರಡು ಬ್ಯಾಟರಿಗಳ ಸಿಸಿಎ ಕೂಡಿಕೊಳ್ಳುತ್ತದೆ. ಸರಣಿಯಲ್ಲಿ ಕೂಡುವುದಿಲ್ಲ, ವೋಲ್ಟೇಜ್ ಮಾತ್ರ ಕೂಡುತ್ತದೆ. ಅಂಗಡಿಯಲ್ಲಿ ಎರಡು ಅಂಕಿಗಳನ್ನು ಕೂಡಿ ಹೇಳಿದರೆ ಯಾವ ಜೋಡಣೆಗೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಸಮಾಂತರದ ಒಂದು ಕೆಟ್ಟ ಗುಣವನ್ನು ನಾನು ಅನುಭವಿಸಿ ತಿಳಿದಿದ್ದೇನೆ. ಎರಡು ವರ್ಷಗಳ ಹಿಂದೆ ನನ್ನ ಪಿಕಪ್ಪಿನ ಒಂದು ಬ್ಯಾಟರಿಯೊಳಗೆ ಒಂದು ಸೆಲ್ ಶಾರ್ಟ್ ಆಗಿ, ಅದರ ವೋಲ್ಟೇಜ್ ಹತ್ತೂವರೆಗೆ ಇಳಿದಿತ್ತು. ಪಕ್ಕದಲ್ಲಿದ್ದ ಚೆನ್ನಾಗಿದ್ದ ಬ್ಯಾಟರಿ ಇಡೀ ರಾತ್ರಿ ಅದಕ್ಕೆ ಕರೆಂಟ್ ಸುರಿಯುತ್ತ ಕುಳಿತು, ಬೆಳಗಾಗುವಷ್ಟರಲ್ಲಿ ಎರಡೂ ಬರಿದಾಗಿದ್ದವು. ಹೊರಗೆ ಮೈನಸ್ 27 ಡಿಗ್ರಿ ಇತ್ತು.

ನಿವೃತ್ತ ಡಿಪೋ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ

ಎಡ್ಮಂಟನ್ನಿನವರು ಹೇಳಿದ್ದು ಅಕ್ಷರಶಃ ನಿಜ. ಸರಣಿಯಲ್ಲಿ ಒಂದು ಬ್ಯಾಟರಿ ಕೆಟ್ಟರೆ ಗಾಡಿ ಆಗಲೇ ನಿಂತು ತನ್ನ ರೋಗವನ್ನು ತಾನೇ ಹೇಳುತ್ತದೆ. ಸಮಾಂತರದಲ್ಲಿ ಒಂದು ಕೆಟ್ಟಿದ್ದರೆ ಇನ್ನೊಂದು ಅದನ್ನು ಮುಚ್ಚಿಟ್ಟುಕೊಂಡು ನಡೆಸುತ್ತಿರುತ್ತದೆ, ಕೊನೆಗೊಂದು ದಿನ ಎರಡೂ ಒಟ್ಟಿಗೆ ಕೈಕೊಡುತ್ತವೆ.

ಸರಣಿಗೂ ಅದರದೇ ಆದ ರೋಗವಿದೆ, ಇದು ಚಳ್ಳಕೆರೆಯ ಲಾರಿ ಮಾಲೀಕರಿಗಾಗಿ. ಕ್ಯಾಬಿನ್ನಿನ ಟೇಪ್ ರೆಕಾರ್ಡರ್, ಫ್ಯಾನ್, ಮೊಬೈಲ್ ಚಾರ್ಜರ್ 12 ವೋಲ್ಟಿನವೆಂದು ಎರಡರಲ್ಲಿ ಒಂದೇ ಬ್ಯಾಟರಿಯಿಂದ ತಂತಿ ಎಳೆದುಕೊಳ್ಳುವುದು ಚಾಲಕರ ವಾಡಿಕೆ. ಆ ಬ್ಯಾಟರಿ ಪ್ರತಿ ದಿನ ಸ್ವಲ್ಪ ಹೆಚ್ಚು ಖಾಲಿಯಾಗುತ್ತದೆ, ಆದರೆ ಆಲ್ಟರ್ನೇಟರ್ ಎರಡನ್ನೂ ಒಟ್ಟಾಗಿ ನೋಡಿ ಒಂದೇ ಕರೆಂಟಿನಲ್ಲಿ ಚಾರ್ಜ್ ಮಾಡುತ್ತದೆ. ಡಿಪೋಗೆ ಬಂದ ಒಂದು ಲಾರಿಯಲ್ಲಿ ಎಂಜಿನ್ ಓಡುತ್ತಿರುವಾಗ ಒಟ್ಟು 28.4 ವೋಲ್ಟ್ ಸರಿಯಾಗಿಯೇ ಇತ್ತು, ಬಿಡಿಬಿಡಿಯಾಗಿ ನೋಡಿದರೆ ಒಂದು ಬ್ಯಾಟರಿಯಲ್ಲಿ 13.4, ಇನ್ನೊಂದರಲ್ಲಿ 15.0! ಮೊದಲನೆಯದು ಎಂದೂ ಹೊಟ್ಟೆ ತುಂಬ ಉಣ್ಣುವುದಿಲ್ಲ, ಅದರ ಪ್ಲೇಟುಗಳಿಗೆ ಸಲ್ಫೇಟ್ ಹಿಡಿಯುತ್ತದೆ. ಎರಡನೆಯದು ಕುದಿದು ನೀರು ಕಳೆದುಕೊಳ್ಳುತ್ತದೆ. ಮಾಲೀಕರು ಕೆಟ್ಟದ್ದೊಂದನ್ನೇ ಬದಲಿಸುತ್ತಾರೆ, ಆರು ತಿಂಗಳಲ್ಲಿ ಮತ್ತೆ ಅದೇ ಕಥೆ. 24 ವೋಲ್ಟಿನ ಗಾಡಿಯಲ್ಲಿ 12 ಬೇಕಾದರೆ ಕನ್ವರ್ಟರ್ ಹಾಕಿಸಬೇಕು, ಬ್ಯಾಟರಿ ಬದಲಿಸುವಾಗ ಒಂದೇ ಮಾದರಿಯ ಜೋಡಿಯನ್ನೇ ಬದಲಿಸಬೇಕು.

ತೀರ್ಥಹಳ್ಳಿಯ ಯಜಮಾನರೇ, ಈಗ ನಿಮ್ಮ ಕೆಲಸ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಒಬ್ಬರು ಡೀಸೆಲ್ ಸ್ಟಾಪ್ ಎಳೆದು ಹಿಡಿದು ಸೆಲ್ಫ್ ಹೊಡೆಯಲಿ, ಪ್ರತಿ ಸಲ ಐದು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದೆರಡು ನಿಮಿಷ ಬಿಡುವಿರಲಿ. ಗೇರ್ ನ್ಯೂಟ್ರಲ್‌ನಲ್ಲಿದೆ, ಕೈಬ್ರೇಕ್ ಬಿಗಿದಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಸೆಲ್ಫ್ ತಿರುಗುತ್ತಿರುವಾಗ ನಾಲ್ಕು ಅಳತೆಗಳು ಬೇಕು. ಬ್ಯಾಟರಿಯ ಎರಡು ಕಂಬಗಳ ನಡುವೆ ಎಷ್ಟು, ಕ್ಲಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೆಯೇ ಮುಟ್ಟಿಸಿ. ಸೆಲ್ಫಿನ ದಪ್ಪ ಬೋಲ್ಟು ಮತ್ತು ಸೆಲ್ಫಿನ ಮೈ ನಡುವೆ ಎಷ್ಟು. ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ ಎಷ್ಟು. ಬ್ಯಾಟರಿಯ ಮೈನಸ್ ಕಂಬದಿಂದ ಸೆಲ್ಫಿನ ಮೈಗೆ ಎಷ್ಟು. ಇವನ್ನು ಬರೆದು ಕಳಿಸಿ, ಆಮೇಲೆ ಬ್ಯಾಟರಿ ಕೊಳ್ಳುವ ಮಾತಾಡೋಣ.

ಜನರೇಟರ್ ನಿರ್ವಾಹಕ, ಮಂಗಳೂರು

ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯ ವಿಚಾರಕ್ಕೆ ಯಾರೂ ಉತ್ತರಿಸಿಲ್ಲವಾದ್ದರಿಂದ ಹೇಳುತ್ತೇನೆ. 150 ಆಂಪಿಯರ್-ಅವರ್ ಎಂಬ ದೊಡ್ಡ ಅಂಕಿ ನೋಡಿ ಅದಕ್ಕೆ ಹೆಚ್ಚು ಬಲವಿದೆಯೆಂದು ತಿಳಿಯಬಾರದು. ಸ್ಟಾರ್ಟಿಂಗ್ ಬ್ಯಾಟರಿಯಲ್ಲಿ ತೆಳುವಾದ, ಸಂಖ್ಯೆಯಲ್ಲಿ ಹೆಚ್ಚಾದ ಪ್ಲೇಟುಗಳಿರುತ್ತವೆ. ಆಸಿಡ್ಡಿಗೆ ತಾಗುವ ಮೇಲ್ಮೈ ಹೆಚ್ಚಾಗಿ, ಒಮ್ಮೆಗೇ ನೂರಾರು ಆಂಪಿಯರ್ ಕೊಡಬಲ್ಲದು. ಟ್ಯೂಬುಲರ್ ಬ್ಯಾಟರಿಯ ದಪ್ಪ ಪ್ಲೇಟುಗಳು ಹತ್ತು ಹದಿನೈದು ಆಂಪಿಯರನ್ನು ಗಂಟೆಗಟ್ಟಲೆ ಕೊಡಲು ಮಾಡಿದವು.

ಆಂಪಿಯರ್-ಅವರ್ ಎಂಬುದು ಸ್ಟಾರ್ಟ್ ಮಾಡುವ ಬಲದ ಅಳತೆಯೇ ಅಲ್ಲ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. 500 ಆಂಪಿಯರನ್ನು ಮೂರು ಸೆಕೆಂಡು ತೆಗೆದರೂ ಖರ್ಚಾಗುವುದು ಅರ್ಧ ಆಂಪಿಯರ್-ಅವರ್‌ಗಿಂತ ಕಡಿಮೆ. 88ರಲ್ಲಿ ಅರ್ಧ ಹೋದರೆ ಯಾವ ನಷ್ಟವೂ ಇಲ್ಲ. ಕೊಡದಲ್ಲಿ ನೀರು ಎಷ್ಟಿದೆ ಎಂಬುದಕ್ಕಿಂತ, ಅದರ ಬಾಯಿ ಎಷ್ಟು ಅಗಲವಿದೆ ಎಂಬುದೇ ಇಲ್ಲಿ ಮುಖ್ಯ.

ನಾವು ನೋಡಿಕೊಳ್ಳುವ ದೊಡ್ಡ ಜನರೇಟರ್‌ಗಳು 24 ವೋಲ್ಟಿನವು, ಸಣ್ಣವು 12ರವು. ಕಡಲ ತೀರದ ಉಪ್ಪು ಗಾಳಿಯಲ್ಲಿ ಬ್ಯಾಟರಿಗಿಂತ ಕೇಬಲಿನ ತುದಿಯ ಲಗ್ಗುಗಳೇ ಬೇಗ ಕೆಡುತ್ತವೆ.

ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಹುಬ್ಬಳ್ಳಿಯ ಹಿರಿಯರು ಹೇಳಿದಂತೆ ಇಂದು ಬೆಳಗ್ಗೆ ಏಳು ಗಂಟೆಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಮಗನ ಸಹಾಯದಿಂದ ಅಳತೆ ಮಾಡಿದೆವು. ಸೆಲ್ಫ್ ಹೊಡೆಯುವ ಮೊದಲು ಬ್ಯಾಟರಿಯಲ್ಲಿ 12.5 ವೋಲ್ಟ್ ಇತ್ತು. ಸೆಲ್ಫ್ ತಿರುಗುತ್ತಿರುವಾಗ ಬ್ಯಾಟರಿಯ ಕಂಬಗಳ ನಡುವೆ 10.4; ಸೆಲ್ಫಿನ ಬೋಲ್ಟಿಗೂ ಮೈಗೂ ನಡುವೆ 7.6, ಪ್ಲಸ್ ಕಡೆಯ ಕೇಬಲಿನಲ್ಲಿ 0.6, ಮೈನಸ್ ಕಡೆಯಲ್ಲಿ 2.2. ಪಂಪ್‌ಸೆಟ್ ರಿಪೇರಿ ಮಾಡುವವರೊಬ್ಬರಲ್ಲಿ ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಸಿಕ್ಕಿತು, ಅದರಲ್ಲಿ ಸುಮಾರು 300 ಆಂಪಿಯರ್ ತೋರಿಸಿತು. ಮೈನಸ್ ಕಡೆಯ ಅಂಕಿ ಹೆಚ್ಚೆಂದು ನನಗೂ ಅನ್ನಿಸುತ್ತಿದೆ, ಆದರೆ ಎಷ್ಟಿದ್ದರೆ ಸರಿ ಎಂಬುದು ತಿಳಿಯದು.

ನಿವೃತ್ತ ಡಿಪೋ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ

ಅರ್ಥ್ ಕಡೆ, ಅಂದರೆ ಮೈನಸ್ ಕಡೆ, 0.2 ಅಥವಾ 0.3 ಇರಬೇಕಾದ ಜಾಗದಲ್ಲಿ 2.2 ಇದೆ! ಪ್ಲಸ್ ಕಡೆ ಅರ್ಧ ವೋಲ್ಟಿನವರೆಗೆ ಒಪ್ಪಬಹುದು, 0.6 ಸ್ವಲ್ಪ ಹೆಚ್ಚಾಯಿತು. ಬ್ಯಾಟರಿ ತಿರುಗಿಸುವಾಗ 9.6ಕ್ಕಿಂತ ಕೆಳಗಿಳಿಯದಿದ್ದರೆ ಸಾಕು, ನಿಮ್ಮದು 10.4ರಲ್ಲಿ ನಿಂತಿದೆ, ಆ ಬ್ಯಾಟರಿಯಲ್ಲಿ ದೋಷವಿಲ್ಲ. ಅರ್ಥ್ ಕೇಬಲನ್ನು ಎರಡೂ ತುದಿಯಲ್ಲಿ ಬಿಚ್ಚಿ, ಅದು ಕೂರುವ ಜಾಗದ ಬಣ್ಣ, ತುಕ್ಕು, ಗ್ರೀಸನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ ಕಬ್ಬಿಣ ಹೊಳೆಯುವಂತೆ ಮಾಡಿ. ಲಗ್ಗಿನೊಳಗೆ ತಾಮ್ರ ಹಸಿರಾಗಿದ್ದರೆ ಕೇಬಲನ್ನೇ ಹೊಸದು ಹಾಕಿ.

ಪಾಲಿಟೆಕ್ನಿಕ್ ಬೋಧಕಿ, ದಾವಣಗೆರೆ

ಇಷ್ಟು ಅಚ್ಚುಕಟ್ಟಾಗಿ ಅಳತೆ ಮಾಡಿ ಕಳಿಸಿದ್ದಕ್ಕೆ ತಮಗೂ ತಮ್ಮ ಮಗನಿಗೂ ಧನ್ಯವಾದಗಳು. ಈ ಅಂಕಿಗಳಿಂದ ನಮ್ಮ ಮೂಲ ಪ್ರಶ್ನೆಗೆ ಊಹೆಯಿಲ್ಲದೆ ಉತ್ತರ ಹೇಳಬಹುದು.

12.5ರಿಂದ 10.4ಕ್ಕೆ, ಅಂದರೆ 300 ಆಂಪಿಯರಿಗೆ 2.1 ವೋಲ್ಟ್ ಇಳಿದಿದೆ. ಬ್ಯಾಟರಿಯ ಒಳರೋಧ 7 ಮಿಲಿಓಮ್ ಎಂದು ತಾನಾಗಿ ಸಿಕ್ಕಿತು. ಕೇಬಲ್ ಮತ್ತು ಜೋಡಣೆಗಳಲ್ಲಿ ಒಟ್ಟು 2.8 ವೋಲ್ಟ್ ಹೋಗುತ್ತಿದೆ, ಅಂದರೆ 9 ಮಿಲಿಓಮ್‌ಗಿಂತ ಹೆಚ್ಚು. ನಾನು ಮೊದಲು 2 ಎಂದು ಇಟ್ಟುಕೊಂಡಿದ್ದ ಜಾಗದಲ್ಲಿ ಬ್ಯಾಟರಿಗಿಂತಲೂ ಹೆಚ್ಚಿನ ರೋಧ ಕುಳಿತಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ವಿವರವಾಗಿಯೇ ಹೇಳಬೇಕು. ಮೋಟರ್ ತಿರುಗಲು ಆರಂಭಿಸಿದ ಮೇಲೆ ಅದು ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ಎಂಜಿನ್. ಕಂಪ್ರೆಷನ್ ಮತ್ತು ತಣ್ಣನೆಯ ಎಣ್ಣೆ ಸೇರಿ ಎಷ್ಟು ಭಾರ ಹೇರುತ್ತವೆಯೋ ಅದಕ್ಕೆ ತಕ್ಕ ತಿರುಗುಬಲ ಬೇಕು, ಆ ತಿರುಗುಬಲಕ್ಕೆ ತಕ್ಕ ಕರೆಂಟ್ ಬೇಕು. ಆದರೆ ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದನ್ನು ನಿರ್ಧರಿಸುವುದು ಮೋಟರಿನ ತುದಿಗಳಲ್ಲಿ ಉಳಿದ ವೋಲ್ಟೇಜ್. ತಿರುಗುವ ಮೋಟರ್ ತನ್ನೊಳಗೆ ಎದುರು ವೋಲ್ಟೇಜೊಂದನ್ನು ಹುಟ್ಟಿಸುತ್ತದೆ, ಅದು ವೇಗದೊಂದಿಗೆ ಏರುತ್ತದೆ. ತಮ್ಮ ಮೋಟರಿಗೆ ತಲುಪುವ 7.6 ವೋಲ್ಟಿನಲ್ಲಿ ಅದರ ಸ್ವಂತ ರೋಧಕ್ಕೆ 2.4 ಹೋದರೆ, ವೇಗಕ್ಕೆ ಉಳಿಯುವುದು 5.2 ಮಾತ್ರ. ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ನಿಧಾನವಾಗಿ ತಿರುಗಿದರೆ ಆ ಬಿಸಿ ಸಿಲಿಂಡರಿನ ಗೋಡೆಗೆ ಸೋರಿಹೋಗುತ್ತದೆ. ಆದ್ದರಿಂದ ನಮಗೆ ಬೇಕಾದುದು ವೇಗ.

ಈಗ ಮೂರು ದಾರಿಗಳನ್ನೂ ಅದೇ 300 ಆಂಪಿಯರಿನಲ್ಲಿ ತೂಗಿ ನೋಡೋಣ. ಎರಡನೆಯ ಬ್ಯಾಟರಿಯನ್ನು ಸಮಾಂತರದಲ್ಲಿ ಸೇರಿಸಿದರೆ ಒಳರೋಧ ಅರ್ಧವಾಗಿ ಒಂದು ವೋಲ್ಟಿನಷ್ಟು ಉಳಿತಾಯವಾಗುತ್ತದೆ, ಮೋಟರಿಗೆ 8.6 ಸಿಗುತ್ತದೆ. ಅರ್ಥ್ ಜೋಡಣೆಯನ್ನು ಸರಿಪಡಿಸಿದರೆ, ಹೊಸ ಬ್ಯಾಟರಿಯಿಲ್ಲದೆಯೇ, ಸುಮಾರು ಎರಡು ವೋಲ್ಟ್ ಉಳಿಯುತ್ತದೆ. ಸರಣಿಯಲ್ಲಿ 24 ಕೊಟ್ಟರೆ ಮೋಟರಿಗೆ ಸುಮಾರು 18 ವೋಲ್ಟ್ ತಲುಪಿ, ವೇಗಕ್ಕೆ ಉಳಿಯುವ ಭಾಗ 15.6 ಆಗುತ್ತದೆ, ಅಂದರೆ ಈಗಿನದರ ಮೂರು ಪಟ್ಟು. ಸೆಲ್ಫಿಗೆ ಕರೆಂಟ್ ಹಾಯಿಸುವ ಸ್ವಿಚ್ಚಾದ ಸೊಲಿನಾಯ್ಡಿನ ಸುರುಳಿಗೆ ಇಮ್ಮಡಿ ವೋಲ್ಟ್ ಬಿದ್ದರೆ ಅದರ ಶಾಖ ನಾಲ್ಕು ಪಟ್ಟಾಗುತ್ತದೆ. ಹುಬ್ಬಳ್ಳಿಯವರು ಬಿಚ್ಚಿ ನೋಡಿದ ಆ ಮೋಟರಿಗೆ ಆದದ್ದು ಇದೇ.

ಕೇಬಲ್ ಬದಲಿಸುವುದಾದರೆ ಗಾತ್ರಕ್ಕೂ ಗಮನ ಕೊಡಿ. ಎರಡು ಮೀಟರ್ ತಾಮ್ರದ ಕೇಬಲ್ 25 ಚದರ ಮಿಲಿಮೀಟರಿನದಾದರೆ ಸುಮಾರು 1.4 ಮಿಲಿಓಮ್, 50ರದಾದರೆ 0.7, 300 ಆಂಪಿಯರಿನಲ್ಲಿ ಇದು 0.4 ವೋಲ್ಟ್ ಮತ್ತು 0.2 ವೋಲ್ಟಿನ ವ್ಯತ್ಯಾಸ.

ಲಾರಿ ಮಾಲೀಕ, ಚಳ್ಳಕೆರೆ

ತುಂಬ ಉಪಯುಕ್ತ ಮಾಹಿತಿ, ಮೇಡಂ. ಇನ್ನೊಂದು ಪ್ರಶ್ನೆ. ಹೊಲದಲ್ಲಿ ಟ್ರ್ಯಾಕ್ಟರ್ ನಿಂತುಹೋದಾಗ ಪಕ್ಕದಲ್ಲಿ ಲಾರಿ ನಿಲ್ಲಿಸಿ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡುವುದುಂಟು. ಅದೂ ತಪ್ಪೇ?

ನಿವೃತ್ತ ಡಿಪೋ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ

ಲಾರಿಯ 24 ವೋಲ್ಟನ್ನು ಪೂರ್ತಿ ಕೊಟ್ಟರೆ ತಪ್ಪು. ಕೊಡಲೇಬೇಕಾದ ಸಂದರ್ಭ ಬಂದರೆ ಲಾರಿಯ ಎಂಜಿನ್ ಆರಿಸಿ, ಎರಡು ಬ್ಯಾಟರಿಗಳಲ್ಲಿ ಚಾಸಿಗೆ ಅರ್ಥ್ ಆಗಿರುವ ಒಂದರ ಎರಡು ಕಂಬಗಳಿಂದ ಮಾತ್ರ ಕೊಡಬೇಕು. ಎರಡು ಗಾಡಿಗಳ ಮೈ ಒಂದಕ್ಕೊಂದು ತಾಗಿರಬಾರದು. ಪ್ಲಸ್ಸನ್ನು ಮೊದಲು ಹಾಕಿ, ಕೊನೆಯ ಮೈನಸ್ ಕ್ಲಿಪ್ಪನ್ನು ಕೆಟ್ಟ ಬ್ಯಾಟರಿಯ ಮೇಲಲ್ಲ, ಅದರಿಂದ ದೂರ ಎಂಜಿನ್ನಿನ ಕಬ್ಬಿಣಕ್ಕೆ ಹಾಕಿ. ಬ್ಯಾಟರಿಯಿಂದ ಬರುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡ 4ರಷ್ಟು ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ, ಆಸಿಡ್ ಕಣ್ಣಿಗೆ ಹಾರಿದವರನ್ನು ನೋಡಿದ್ದೇನೆ.

ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ನಾಲ್ಕು ದಿನ ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಅರ್ಥ್ ಕೇಬಲನ್ನು ಬಿಚ್ಚಿದಾಗ, ಗೇರ್‌ಬಾಕ್ಸಿನ ಮೇಲೆ ಅದು ಕೂರುವ ಜಾಗಕ್ಕೆ ಹಿಂದೊಮ್ಮೆ ಪೇಂಟ್ ಬಳಿದಾಗ ಬಣ್ಣ ಬಿದ್ದಿದ್ದು ಕಾಣಿಸಿತು. ಲಗ್ಗಿನೊಳಗೆ ತಂತಿಯ ಎಳೆಗಳು ಅರ್ಧಕ್ಕರ್ಧ ಹಸಿರಾಗಿ ಪುಡಿಯಾಗಿದ್ದವು. 50 ಚದರ ಮಿಲಿಮೀಟರಿನ ಹೊಸ ಕೇಬಲನ್ನು ಒತ್ತಿದ ಲಗ್ಗುಗಳೊಂದಿಗೆ ಹಾಕಿಸಿದೆ. ಇಂದು ಬೆಳಗ್ಗೆ ಮತ್ತೆ ಅಳೆದೆ: ಬ್ಯಾಟರಿಯಲ್ಲಿ 10.3, ಸೆಲ್ಫಿನಲ್ಲಿ 9.5, ಪ್ಲಸ್ ಕಡೆ 0.6, ಅರ್ಥ್ ಕಡೆ 0.2. ಸೆಲ್ಫ್ ತಿರುಗುವ ಸದ್ದೇ ಬೇರೆಯಾಗಿದೆ, ಎರಡನೆಯ ಪ್ರಯತ್ನಕ್ಕೆ ಎಂಜಿನ್ ಹಿಡಿಯಿತು.

ಎರಡು ಪ್ರಶ್ನೆಗಳು ಉಳಿದಿವೆ. ಸರಿಪಡಿಸಿದ ಮೇಲೆ ಬ್ಯಾಟರಿಯ ವೋಲ್ಟೇಜ್ 10.4ರಿಂದ 10.3ಕ್ಕೆ ಇಳಿದಿದ್ದೇಕೆ? ಮಳೆಗಾಲದಲ್ಲಿ ಟ್ರ್ಯಾಕ್ಟರ್ ವಾರಗಟ್ಟಲೆ ನಿಂತೇ ಇರುವುದರಿಂದ ಎರಡನೆಯ ಬ್ಯಾಟರಿಯನ್ನು ಸಮಾಂತರದಲ್ಲಿ ಇಟ್ಟುಕೊಳ್ಳುವ ಆಸೆ ಇನ್ನೂ ಇದೆ, ಅದಕ್ಕೆ ಸರಿಯಾದ ಕ್ರಮ ಯಾವುದು?

ಪಾಲಿಟೆಕ್ನಿಕ್ ಬೋಧಕಿ, ದಾವಣಗೆರೆ

ವೋಲ್ಟೇಜ್ ಇಳಿದದ್ದು ಒಳ್ಳೆಯ ಲಕ್ಷಣ. ಮೋಟರ್ ಈಗ ಹೆಚ್ಚು ವೇಗವಾಗಿ ತಿರುಗುತ್ತಿದೆ, ವೇಗ ಹೆಚ್ಚಿದಂತೆ ತಣ್ಣನೆಯ ಎಣ್ಣೆಯ ಎಳೆತವೂ ಹೆಚ್ಚಿ ಕರೆಂಟ್ ಸ್ವಲ್ಪ ಏರಿದೆ, ಅದಕ್ಕೆ ತಕ್ಕಂತೆ ಬ್ಯಾಟರಿಯಲ್ಲಿ 0.1 ವೋಲ್ಟ್ ಇಳಿದಿದೆ.

ಎಡ್ಮಂಟನ್ ಕನ್ನಡಿಗ

ಸಮಾಂತರದ ಕ್ರಮವನ್ನು ನನ್ನ ಅನುಭವದಿಂದ ಹೇಳುತ್ತೇನೆ. ಎರಡೂ ಒಂದೇ ಮಾದರಿಯ, ಒಂದೇ ವಯಸ್ಸಿನ ಬ್ಯಾಟರಿಗಳಾಗಿರಲಿ. ಜೋಡಿಸುವ ಮೊದಲು ಎರಡನ್ನೂ ಬೇರೆಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ನೋಡಿದಾಗ ಎರಡರ ವೋಲ್ಟೇಜೂ ಒಂದೇ ಆಗಿರಬೇಕು, ಇಲ್ಲವಾದರೆ ಜೋಡಿಸಿದ ತಕ್ಷಣ ಒಂದರಿಂದ ಇನ್ನೊಂದಕ್ಕೆ ದೊಡ್ಡ ಕರೆಂಟ್ ಹರಿಯುತ್ತದೆ. ಸೆಲ್ಫಿಗೆ ಹೋಗುವ ಪ್ಲಸ್ ಕೇಬಲನ್ನು ಒಂದು ಬ್ಯಾಟರಿಯಿಂದಲೂ, ಅರ್ಥ್ ಕೇಬಲನ್ನು ಇನ್ನೊಂದರಿಂದಲೂ ತೆಗೆದುಕೊಂಡರೆ ಎರಡರ ಹಾದಿಯೂ ಸಮನಾಗಿ, ಎರಡೂ ಸಮನಾಗಿ ದುಡಿಯುತ್ತವೆ. ಗಾಡಿ ನಿಂತಿರುವಾಗ ಎರಡನ್ನು ಬೇರ್ಪಡಿಸಲು ನಡುವೆ ಭಾರೀ ಐಸೊಲೇಟರ್ ಸ್ವಿಚ್ ಇರಲಿ.

ಆದರೆ ತಮ್ಮಲ್ಲಿ ಮೈನಸ್ 27 ಇಲ್ಲ. ವಾರಗಟ್ಟಲೆ ನಿಲ್ಲುವುದೇ ತೊಂದರೆಯಾದರೆ, ಒಂದೇ ಬ್ಯಾಟರಿಯ ಅರ್ಥ್ ತೆಗೆದಿಟ್ಟು ಹದಿನೈದು ದಿನಕ್ಕೊಮ್ಮೆ ಚಾರ್ಜ್ ಮಾಡುವುದು ಅಗ್ಗದ ದಾರಿ. ಎರಡು ಬ್ಯಾಟರಿಗಳಿದ್ದರೆ ತಾವಾಗಿಯೇ ಸೋರುವ ಚಾರ್ಜೂ ಎರಡರಷ್ಟು, ನೋಡಿಕೊಳ್ಳುವ ಕೆಲಸವೂ ಎರಡರಷ್ಟು.

ನಿವೃತ್ತ ಡಿಪೋ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ

ನನ್ನ ಅಭಿಪ್ರಾಯವೂ ಅದೇ. ಎರಡನೆಯ ಬ್ಯಾಟರಿಗೆಂದು ತೆಗೆದಿಟ್ಟ ಹಣದಲ್ಲಿ ಸ್ವಲ್ಪವನ್ನು ಸೆಲ್ಫಿಗೆ ಖರ್ಚು ಮಾಡಿ. ಹನ್ನೊಂದು ವರ್ಷದ ಮೋಟರಿನಲ್ಲಿ ಆರ್ಮೇಚರಿನ ತುದಿಗಳನ್ನು ಹಿಡಿದಿಡುವ ಬುಷ್ ಸವೆದಿರುತ್ತದೆ. ಬುಷ್ ಸವೆದರೆ ಆರ್ಮೇಚರ್ ವಾಲಿ ಸುತ್ತಲಿನ ಕಾಂತ ಧ್ರುವಕ್ಕೆ ಉಜ್ಜುತ್ತ ಸುಮ್ಮನೆ ಕರೆಂಟ್ ತಿನ್ನುತ್ತದೆ. ಕಾರ್ಬನ್ ಬ್ರಷ್, ಎರಡು ಬುಷ್, ಸೊಲಿನಾಯ್ಡಿನ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಇಷ್ಟನ್ನು ವೈಂಡಿಂಗ್ ಅಂಗಡಿಯಲ್ಲಿ ನೋಡಿಸಿ. ಪ್ಲಸ್ ಕಡೆಯ 0.6ರಲ್ಲಿ ಎಷ್ಟು ಕೇಬಲಿನದು, ಎಷ್ಟು ಬ್ಯಾಟರಿ ಕ್ಲಾಂಪಿನದು ಎಂಬುದನ್ನೂ ಕಂಬದಿಂದ ಕ್ಲಾಂಪಿಗೆ ಮೀಟರ್ ಇಟ್ಟು ನೋಡಿಕೊಳ್ಳಿ.

ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಹಾಗೆಯೇ ಮಾಡುತ್ತೇನೆ. ಎರಡನೆಯ ಬ್ಯಾಟರಿಯ ವಿಚಾರವನ್ನು ಸದ್ಯಕ್ಕೆ ಬಿಟ್ಟಿದ್ದೇನೆ, ಗ್ಯಾರೇಜಿನವರಿಗೂ ಸ್ವಿಚ್ ಬೇಡವೆಂದು ತಿಳಿಸಿದೆ. ಸೋಮವಾರ ಸೆಲ್ಫನ್ನು ಬಿಚ್ಚಿಕೊಂಡು ಶಿವಮೊಗ್ಗಕ್ಕೆ ಹೋಗುತ್ತೇನೆ.

ನಿವೃತ್ತ ಡಿಪೋ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ

ಸೆಲ್ಫಿಗೆ ಸ್ಪ್ಯಾನರ್ ಹಾಕುವ ಮೊದಲು ಬ್ಯಾಟರಿಯ ಅರ್ಥ್ ಕ್ಲಾಂಪನ್ನು ಬಿಚ್ಚಿ ಪಕ್ಕಕ್ಕಿಡುವುದನ್ನು ಮರೆಯಬೇಡಿ. ಸೆಲ್ಫಿನ ದಪ್ಪ ಬೋಲ್ಟಿನಲ್ಲಿ ಕೀ ಆರಿಸಿದ್ದರೂ ಕರೆಂಟ್ ಇರುತ್ತದೆ. ತಿರುಗಿ ಕೂರಿಸಿದ ಮೇಲೆ ಅದೇ ನಾಲ್ಕು ಅಳತೆ ಮಾಡಿ ಇಲ್ಲಿ ಬರೆಯಿರಿ.